ಹೊಡೆದಾಟ ಅವರದು, ಡೈಲಾಗ್ ಹಿಂದಿ: ಅಪ್ಪ ಟಿವಿ ಬಿಟ್ಟು ಏಳುವುದಿಲ್ಲ ಯಾಕೆ?

ಪ್ರಶ್ನೆ: ನಮ್ಮಪ್ಪನಿಗೆ ಇಂಗ್ಲಿಷ್ ಬರಲ್ಲ, ಹಿಂದಿಯೂ ಅಷ್ಟಕ್ಕಷ್ಟೆ. ಆದರೂ ಹಾಲಿವುಡ್ ಫೈಟಿಂಗ್ ಸಿನಿಮಾ ಹಿಂದಿಯಲ್ಲಿ ಬಂದರೆ ರಾತ್ರಿ ಹನ್ನೆರಡಾದರೂ ಏಳಲ್ಲ. ಏನಿದೆ ಅದರಲ್ಲಿ?

ಉತ್ತರ: ಫೈಟಿಂಗ್ ಇದೆ, ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಅದೇ ಫೈಟಿಂಗ್ ಇಂಗ್ಲಿಷಿನಲ್ಲೂ ಇದೆಯಲ್ಲ, ಅದನ್ನು ಅವರು ನೋಡುತ್ತಾರಾ? ಇಲ್ಲ. ಅಂದಮೇಲೆ ಗುಟ್ಟು ಮಾತಿನಲ್ಲಿದೆ.

ಡಬ್ಬಿಂಗ್‌ಗೆ ಸಂಭಾಷಣೆ ಬರೆಯುವವರಿಗೆ ದೊಡ್ಡ ತಲೆನೋವು ನಟನ ತುಟಿ. ಪ, ಬ, ಮ ಹೇಳಬೇಕಾದರೆ ತುಟಿ ಮುಚ್ಚಲೇಬೇಕು. ಪರದೆಯ ಮೇಲೆ ತುಟಿ ಮುಚ್ಚಿದ ಜಾಗದಲ್ಲಿ ಹಿಂದಿಯಲ್ಲೂ ಅಂಥದೇ ಅಕ್ಷರ ಬೀಳದಿದ್ದರೆ ನೋಡುವವರಿಗೆ ಕಸಿವಿಸಿ. ಇನ್ನೊಂದು ಕಷ್ಟ, ಹಿಂದಿಯಲ್ಲೂ ನಮ್ಮ ಹಾಗೆ ಕ್ರಿಯಾಪದ ಕೊನೆಗೆ ಬರುತ್ತದೆ. ‘ಐ ವಿಲ್ ಕಿಲ್ ಯೂ’ ಅನ್ನುವ ವಿಲನ್ ‘ಕಿಲ್’ ಬಂದಾಗ ಕಣ್ಣು ಕೆಂಪಗೆ ಮಾಡುತ್ತಾನೆ. ಹಿಂದಿ ದನಿ ಇನ್ನೂ ‘ಮೈ ತುಝೆ’ಯಲ್ಲೇ ಇರುತ್ತದೆ. ‘ಮಾರ್ ಡಾಲೂಂಗಾ’ ಬರುವಷ್ಟರಲ್ಲಿ ಅವನ ಬಾಯಿ ಮುಚ್ಚಿ ಆಗಿರುತ್ತದೆ.

ಎದುರುಬದುರು ಕೂತು ಮಾತಾಡುವ ಸಂಸಾರದ ಸಿನಿಮಾದಲ್ಲಿ ಈ ತೇಪೆ ಎದ್ದು ಕಾಣುತ್ತದೆ. ಆ್ಯಕ್ಷನ್‌ನಲ್ಲಿ ಓಟ, ಹೊಗೆ, ಹೆಲ್ಮೆಟ್, ಕತ್ತಲು. ತುಟಿ ನೋಡಲು ಯಾರಿಗೆ ಪುರುಸೊತ್ತು? ಮುಖವಾಡದ ಹೀರೊ ಸಿಕ್ಕರಂತೂ ಹಬ್ಬವೇ. 2018ರ ‘ಡೆಡ್‌ಪೂಲ್ 2’ಗೆ ಹಿಂದಿಯಲ್ಲಿ ದನಿ ಕೊಟ್ಟವರು ರಣವೀರ್ ಸಿಂಗ್. ತುಟಿಯೇ ಕಾಣದ ಪಾತ್ರದ ಬಾಯಿಗೆ ಯಾವ ಪೋಲಿ ಜೋಕು ತುರುಕಿದರೂ ನಡೆಯುತ್ತದೆ. ಸಂಗೀತ, ಗುಂಡು, ಸ್ಫೋಟದ ಸದ್ದು ಬೇರೆಯೇ ಟ್ರ್ಯಾಕ್‌ನಲ್ಲಿ ಬರುವುದರಿಂದ ಅದು ಅಸಲಿಯಾಗಿಯೇ ಉಳಿಯುತ್ತದೆ, ಬದಲಾಗುವುದು ಮಾತು ಮಾತ್ರ.

ಆ ಮಾತು ಬರೀ ಅನುವಾದವೂ ಅಲ್ಲ. ಇಂಗ್ಲಿಷ್ ಹೀರೊ ಒಂದು ಸಾಲು ಗೊಣಗಿ ಸುಮ್ಮನಾಗುವ ಕಡೆ ಹಿಂದಿಯವನು ಡೈಲಾಗ್ ಹೊಡೆಯುತ್ತಾನೆ. ನ್ಯೂಯಾರ್ಕಿನ ಪುಂಡ ಮುಂಬೈ ಟಪೋರಿಯಾಗುತ್ತಾನೆ. ಇದು ಅಸಲಿಗೆ ಮಾಡುವ ಅಪಚಾರ ಅನ್ನುವವರಿದ್ದಾರೆ. ನನ್ನನ್ನು ಕೇಳಿದರೆ, ಎಷ್ಟೋ ಸಪ್ಪೆ ಚಿತ್ರಗಳಿಗೆ ಉಪ್ಪುಖಾರ ಬಿದ್ದದ್ದೇ ಇಲ್ಲಿ. ಕಥೆಗಳೂ ನಮಗೆ ಹೊಸವಲ್ಲ. 2008ರ ‘ಟೇಕನ್’ನಲ್ಲಿ ಪ್ಯಾರಿಸ್‌ನಲ್ಲಿ ಅಪಹರಣವಾದ ಮಗಳನ್ನು ಹುಡುಕಿಕೊಂಡು ಹೋಗುವವನು ಅವಳ ಅಪ್ಪ. ನಿಮ್ಮಪ್ಪನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ವ್ಯಾಪಾರದ ಕಥೆ ಚಿಕ್ಕದು. 1994ರಲ್ಲಿ ‘ಜುರಾಸಿಕ್ ಪಾರ್ಕ್’ ಹಿಂದಿಯಲ್ಲಿ ಬಂದು ಚೆನ್ನಾಗಿ ಓಡಿತು, ಇಂಗ್ಲಿಷ್ ಬಾರದ ಊರುಗಳಲ್ಲೂ ದುಡ್ಡಿದೆ ಅಂತ ಹಾಲಿವುಡ್‌ಗೆ ಗೊತ್ತಾಯಿತು. 2007ರಲ್ಲಿ ‘ಸ್ಪೈಡರ್‌ಮ್ಯಾನ್ 3’ ಭೋಜಪುರಿಯಲ್ಲೂ ಬಂತು!

ಹಾಗಾದರೆ ಕನ್ನಡದ ಅಪ್ಪ ಹಿಂದಿಯಲ್ಲಿ ಯಾಕೆ ನೋಡಬೇಕು? ಕನ್ನಡದಲ್ಲಿ ಸಿಗುತ್ತಿರಲಿಲ್ಲ, ಅದಕ್ಕೆ. 1960ರ ದಶಕದ ಚಳವಳಿಯ ನಂತರ ಕನ್ನಡಕ್ಕೆ ಡಬ್ಬಿಂಗ್ ಬರದಂತೆ ನಮ್ಮ ಚಿತ್ರೋದ್ಯಮವೇ ತಡೆದಿತ್ತು. ಅದು ಕಾನೂನಾಗಿರಲಿಲ್ಲ, ಕಟ್ಟುಪಾಡು. 2015ರಲ್ಲಿ ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡಗಾಲು ಹಾಕದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಅದು ತಪ್ಪೆಂದು ಆದೇಶಿಸಿತು. 2022ರ ಹೊತ್ತಿಗೆ ‘ಅವತಾರ್’ನ ಎರಡನೇ ಭಾಗ ಕನ್ನಡದಲ್ಲೂ ತೆರೆಗೆ ಬಂತು. ಅಷ್ಟರಲ್ಲಿ ಒಂದು ತಲೆಮಾರಿನ ಕಿವಿ ಹಿಂದಿಗೆ ಒಗ್ಗಿಹೋಗಿತ್ತು. ನಮ್ಮ ಮಾವ ಅದನ್ನು ಕನ್ನಡದಲ್ಲಿ ಹತ್ತು ನಿಮಿಷ ನೋಡಿ, “ಇದ್ಯಾಕೋ ನಾಟಕದ ಥರ ಇದೆ ಕಣಯ್ಯಾ, ಹಿಂದಿ ಹಾಕು” ಅಂದರು. ಪ್ರತಿ ಮಾತೂ ಅರ್ಥವಾಗಿದ್ದೇ ಅವರಿಗೆ ತೊಂದರೆಯಾಗಿತ್ತು ಅಂತ ನನ್ನ ಅನುಮಾನ. ಅರ್ಧಂಬರ್ಧ ತಿಳಿಯುವ ಹಿಂದಿಯಲ್ಲಿ ಪೆದ್ದು ಡೈಲಾಗೂ ಗತ್ತಿನದಾಗಿ ಕೇಳುತ್ತದೆ.

ಈ ವಾರ ನೀವೂ ಅಪ್ಪನ ಸಿನಿಮಾದ ನಡುವೆ ಭಾಷೆ ಬದಲಿಸಿ ನೋಡಿ. ರಿಮೋಟ್ ಮಾತ್ರ ಕೈಯಲ್ಲಿ ಭದ್ರವಾಗಿರಲಿ.