ಪಾಲಾದ ನೆಲ, ದೂರ ಹೋದ ಹೆಣ್ಣುಮಕ್ಕಳು: ಕೋಬುರ್ಗ್ ಮನೆತನದ ಹಿನ್ನೆಲೆ

1919ರ ನವೆಂಬರ್ 30ರಂದು ಜರ್ಮನಿಯ ಕೋಬುರ್ಗ್ ಎಂಬ ಪುಟ್ಟ ನಾಡಿನ ಜನ, ಆಗಷ್ಟೇ ರೂಪುಗೊಳ್ಳುತ್ತಿದ್ದ ಥುರಿಂಗಿಯಾ ರಾಜ್ಯಕ್ಕೆ ತಾವು ಸೇರುವುದಿಲ್ಲವೆಂದು ಭಾರೀ ಬಹುಮತದಿಂದ ತೀರ್ಪಿತ್ತರು. ಮರುವರ್ಷದ ಜುಲೈ 1ರಂದು ಆ ನಾಡು ಬವೇರಿಯಾದಲ್ಲಿ ವಿಲೀನವಾಯಿತು. ವಿಸ್ತೀರ್ಣದಲ್ಲಿ ಅದು ನಮ್ಮ ಒಂದು ಸಣ್ಣ ತಾಲ್ಲೂಕಿನಷ್ಟಿತ್ತು. ಇಷ್ಟು ಕಿರಿದಾದ ನೆಲದ ಡ್ಯೂಕ್ ಮನೆತನ ಹಿಂದಿನ ನೂರು ವರ್ಷಗಳಲ್ಲಿ ಬ್ರಸೆಲ್ಸ್, ಲಿಸ್ಬನ್, ಲಂಡನ್ ಮತ್ತು ಸೋಫಿಯಾಗಳ ಅರಮನೆಗಳನ್ನು ಹೊಕ್ಕಿದ್ದು ಹೇಗೆ ಎಂದು ಕೇಳಿದರೆ, ಮದುವೆ ಕುದುರಿಸುವ ಜಾಣ್ಮೆಯಿಂದ ಎಂಬ ಉತ್ತರವೇ ಸಾಮಾನ್ಯವಾಗಿ ಸಿಗುತ್ತದೆ. ಆ ಜಾಣ್ಮೆಯ ಬೇರು ಆಸ್ತಿಯ ಪಾಲಿನಲ್ಲಿದೆ, ಅದರ ಬೆಲೆಯನ್ನು ತೆತ್ತವರು ಮನೆಯ ಹೆಣ್ಣುಮಕ್ಕಳು ಎಂಬುದು ನನ್ನ ಅನಿಸಿಕೆ.

ಸ್ಯಾಕ್ಸನಿಯನ್ನು ಆಳುತ್ತಿದ್ದ ಎರ್ನ್‌ಸ್ಟ್ ಮತ್ತು ಆಲ್ಬ್ರೆಕ್ಟ್ ಎಂಬ ಅಣ್ಣತಮ್ಮಂದಿರು 1485ರಲ್ಲಿ ನಾಡನ್ನು ಇಬ್ಭಾಗ ಮಾಡಿಕೊಂಡರು. ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಎಲೆಕ್ಟರ್ ಪದವಿ ಹಿರಿಯ ಶಾಖೆಯ ಬಳಿ ಉಳಿದಿತ್ತಾದರೂ, 1547ರ ಮ್ಯೂಲ್‌ಬರ್ಗ್ ಯುದ್ಧದಲ್ಲಿ ಸೋತ ಆ ಶಾಖೆ ಅದನ್ನು ದಾಯಾದಿಗಳಿಗೆ ಬಿಟ್ಟುಕೊಡಬೇಕಾಯಿತು. ಅಲ್ಲಿಂದ ಮುಂದೆ ಹಿರಿಯ ಶಾಖೆಗೆ ಉಳಿದದ್ದು ಥುರಿಂಗಿಯಾದ ಭೂಮಿ ಮತ್ತು ಗಂಡುಮಕ್ಕಳೆಲ್ಲರಿಗೂ ಪಾಲು ಸಲ್ಲಬೇಕೆಂಬ ಹಳೆಯ ರೂಢಿ. ಗೋಥಾದ ಡ್ಯೂಕ್ ಧರ್ಮಿಷ್ಠ ಎರ್ನ್‌ಸ್ಟ್ 1675ರಲ್ಲಿ ತೀರಿಕೊಂಡಾಗ ಅವನಿಗೆ ಏಳು ಗಂಡುಮಕ್ಕಳಿದ್ದರು. 1680ರ ಹೊತ್ತಿಗೆ ಒಂದು ರಾಜ್ಯ ಏಳು ರಾಜ್ಯಗಳಾಗಿ, ಗೋಥಾ, ಕೋಬುರ್ಗ್, ಮೈನಿಂಗನ್, ರೋಮ್‌ಹಿಲ್ಡ್, ಐಸೆನ್‌ಬರ್ಗ್, ಹಿಲ್ಡ್‌ಬುರ್ಗ್‌ಹೌಸನ್ ಮತ್ತು ಸಾಲ್‌ಫೆಲ್ಡ್‌ಗಳಲ್ಲಿ ಏಳು ಆಸ್ಥಾನಗಳು ಎದ್ದುನಿಂತವು. ಆಳುವ ನೆಲ ಎಷ್ಟೇ ಚಿಕ್ಕದಾದರೂ ಪ್ರತಿಯೊಬ್ಬನಿಗೂ ಅರಮನೆ, ಕುದುರೆ ಲಾಯ, ಪಡೆ ಬೇಕು. ಕೋಬುರ್ಗ್‌ನ ಮೊದಲ ಡ್ಯೂಕ್ 1699ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ ಅವನ ಪಾಲಿಗಾಗಿ ಉಳಿದ ದಾಯಾದಿಗಳ ವ್ಯಾಜ್ಯ 1735ರವರೆಗೂ ನಡೆದು, ಕೊನೆಗೆ ಕೋಬುರ್ಗ್ ಸಾಲ್‌ಫೆಲ್ಡ್ ಶಾಖೆಗೆ ಸೇರಿತು.

ಇಷ್ಟರಲ್ಲಿ ಸಾಲ ಬೆಳೆದಿತ್ತು. 1773ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಕೋಬುರ್ಗ್‌ನ ಹಣಕಾಸನ್ನು ಡ್ಯೂಕನ ಕೈಯಿಂದ ತೆಗೆದು ಸಾಲ ನಿರ್ವಹಣೆಯ ಆಯೋಗಕ್ಕೆ ಒಪ್ಪಿಸಿದನು. ಈ ಅವಮಾನ ಸುಮಾರು ಮೂರು ದಶಕ ಮುಂದುವರಿಯಿತು. ಅಂಥ ಮನೆಗೆ 1777ರಲ್ಲಿ ಸೊಸೆಯಾಗಿ ಬಂದವಳು ರಾಯ್ಸ್-ಎಬರ್ಸ್‌ಡಾರ್ಫ್ ಎಂಬ ಇನ್ನೂ ಚಿಕ್ಕ ಸಂಸ್ಥಾನದ ಆಗುಸ್ಟಾ. ಪತಿ ಫ್ರಾನ್ಜ್ ತಾಮ್ರದ ಅಚ್ಚಿನ ಚಿತ್ರಗಳನ್ನು ಸಂಗ್ರಹಿಸುವುದರಲ್ಲಿ ಮುಳುಗಿದ್ದವನು (ಆ ಸಂಗ್ರಹ ಇಂದಿಗೂ ಕೋಬುರ್ಗ್ ಕೋಟೆಯಲ್ಲಿದೆ); ಮಕ್ಕಳ ಭವಿಷ್ಯದ ಚಿಂತೆ ಆಗುಸ್ಟಾಳದಾಗಿತ್ತು. ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನ್ ತನ್ನ ಮೊಮ್ಮಗ ಕಾನ್‌ಸ್ಟಂಟೀನನಿಗೆ ಹೆಣ್ಣು ಹುಡುಕುತ್ತಿದ್ದಳು. ಅನ್‌ಹಾಲ್ಟ್-ಜೆರ್ಬ್‌ಸ್ಟ್ ಎಂಬ ಇಂಥದೇ ಕಿರುಸಂಸ್ಥಾನದ ಮಗಳಾಗಿ 1744ರಲ್ಲಿ ರಷ್ಯಾಕ್ಕೆ ಬಂದ ಆಕೆಗೆ ಈ ಮನೆಗಳ ಅಂತರಂಗ ಗೊತ್ತಿತ್ತು: ಪ್ರೊಟೆಸ್ಟಂಟ್ ಕಿರುಸಂಸ್ಥಾನದ ಹುಡುಗಿ ಆರ್ಥಡಾಕ್ಸ್ ಪಂಥಕ್ಕೆ ಸೇರಲು ತಕರಾರು ತೆಗೆಯುವುದಿಲ್ಲ, ಆಕೆಯ ತವರಿಗೆ ರಷ್ಯಾದ ಮೇಲೆ ಒತ್ತಡ ಹೇರುವ ಶಕ್ತಿಯೂ ಇರುವುದಿಲ್ಲ. 1795ರಲ್ಲಿ ಆಗುಸ್ಟಾ ಮೂವರು ಹೆಣ್ಣುಮಕ್ಕಳನ್ನು ಕರೆದುಕೊಂಡು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದಳು. ಆಯ್ಕೆಯಾದವಳು ಮೂವರಲ್ಲಿ ಕಿರಿಯಳಾದ ಯೂಲಿಯಾನ. 1796ರ ಫೆಬ್ರವರಿಯಲ್ಲಿ ಮದುವೆ ನಡೆದಾಗ ಆಕೆಗೆ 14 ವರ್ಷ. ಹೆಸರು, ಪಂಥ, ಭಾಷೆ ಮೂರೂ ಒಮ್ಮೆಗೇ ಬದಲಾದವು. ಗಂಡ ಕ್ರೂರಿಯಾಗಿದ್ದನು. 1801ರಲ್ಲಿ ಅವಳು ರಷ್ಯಾವನ್ನು ಶಾಶ್ವತವಾಗಿ ತೊರೆದರೂ ವಿಚ್ಛೇದನ ದೊರೆಯಲಿಲ್ಲ. 1820ರಲ್ಲಿ ಕಾನ್‌ಸ್ಟಂಟೀನನಿಗೇ ಪೋಲಿಷ್ ಕುಲೀನೆಯೊಬ್ಬಳನ್ನು ಮದುವೆಯಾಗಬೇಕೆನಿಸಿದಾಗ ಅದು ಸಿಕ್ಕಿತು. ಉಳಿದ ಆಯುಷ್ಯವನ್ನು ಅವಳು ಸ್ವಿಟ್ಜರ್‌ಲೆಂಡ್‌ನಲ್ಲಿ, ಬಹುಮಟ್ಟಿಗೆ ಬರ್ನ್ ಬಳಿಯ ಎಲ್ಫೆನೌ ಎಂಬ ಮನೆಯಲ್ಲಿ ಕಳೆದು 1860ರಲ್ಲಿ ತೀರಿಕೊಂಡಳು.

ತವರಿಗಾದರೋ ಆ ಮುರಿದ ದಾಂಪತ್ಯ ವರವಾಯಿತು. 1806ರಲ್ಲಿ ನೆಪೋಲಿಯನ್ನನ ಸೇನೆ ಕೋಬುರ್ಗನ್ನು ಹಿಡಿಯಿತು, ಡ್ಯೂಕ್ ಫ್ರಾನ್ಜ್ ಅದೇ ಡಿಸೆಂಬರಿನಲ್ಲಿ ಕಾಲವಾದನು. ಮರುವರ್ಷ ಟಿಲ್ಸಿಟ್ ಒಪ್ಪಂದದಲ್ಲಿ ರಷ್ಯಾದ ಜಾರ್ ಅಲೆಕ್ಸಾಂಡರ್, ಅಂದರೆ ಯೂಲಿಯಾನಳ ಭಾವ, ನಂಟನ್ನು ನೆನೆದು ನಾಡನ್ನು ಅವಳ ತಮ್ಮ ಎರ್ನ್‌ಸ್ಟ್‌ಗೆ ಮರಳಿ ಕೊಡಿಸಿದನು. ಅದೇ ವರ್ಷಗಳಲ್ಲಿ ಬೆನ್ನಿಗೆ ಯಾರೂ ಇಲ್ಲದ ಎಷ್ಟೋ ಸಂಸ್ಥಾನಗಳು ಭೂಪಟದಿಂದ ಅಳಿಸಿಹೋದವು. ಯೂಲಿಯಾನಳ ತಂಗಿ ವಿಕ್ಟೋರಿಯಾ ಮದುವೆಯಾಗಿ ಹೋಗಿದ್ದ ಲೈನಿಂಗನ್ ಕೂಡ ಅವುಗಳಲ್ಲಿ ಒಂದು.

ಲೈನಿಂಗನ್ನಿನ ಆ ಒಡೆಯ 1814ರಲ್ಲಿ ತೀರಿಕೊಂಡ ಮೇಲೆ ವಿಧವೆ ವಿಕ್ಟೋರಿಯಾಳ ಮುಂದಿನ ದಾರಿಯನ್ನು ರೂಪಿಸಿದವನು ತಮ್ಮ ಲಿಯೋಪೋಲ್ಡ್. ಅವನು 1816ರಲ್ಲಿ ಬ್ರಿಟನ್ನಿನ ಸಿಂಹಾಸನಕ್ಕೆ ವಾರಸುದಾರಳಾಗಿದ್ದ ಶಾರ್ಲೆಟ್‌ಳನ್ನು ವರಿಸಿದ್ದನು. ಮರುವರ್ಷವೇ ಅವಳು ಹೆರಿಗೆಯಲ್ಲಿ ತೀರಿಕೊಂಡಳು. ವಾರಸಿಲ್ಲದೆ ಕಂಗೆಟ್ಟ ಬ್ರಿಟಿಷ್ ರಾಜಕುಮಾರರು ಅವಸರದಿಂದ ವಧುಗಳನ್ನು ಹುಡುಕತೊಡಗಿದಾಗ ಕೆಂಟ್‌ನ ಡ್ಯೂಕ್ 1818ರಲ್ಲಿ ವಿಕ್ಟೋರಿಯಾಳ ಕೈಹಿಡಿದನು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಪ್ರತಿಮೆಯಾಗಿ ನಿಂತಿರುವ ವಿಕ್ಟೋರಿಯಾ ರಾಣಿ ಈ ದಂಪತಿಯ ಮಗಳು, ಹುಟ್ಟಿದ್ದು 1819ರ ಮೇ 24ರಂದು. ಮೂರು ತಿಂಗಳ ನಂತರ ಕೋಬುರ್ಗ್‌ನಲ್ಲಿ ಎರ್ನ್‌ಸ್ಟ್‌ನ ಎರಡನೆಯ ಮಗ ಆಲ್ಬರ್ಟ್ ಹುಟ್ಟಿದಾಗ ಆರೈಕೆಗೆ ನಿಂತವಳೂ ಅದೇ ಸೂಲಗಿತ್ತಿ, ಶಾರ್ಲೋಟ್ ಫಾನ್ ಸೀಬೋಲ್ಡ್. 1840ರಲ್ಲಿ ರಾಣಿ ಮದುವೆಯಾದದ್ದು ಈ ಆಲ್ಬರ್ಟ್‌ನನ್ನು, ಅಂದರೆ ತನ್ನ ಸೋದರಮಾವನ ಮಗನನ್ನು; ವರಸೆ ನೋಡುವ ನಮ್ಮ ಹಿರಿಯರಿಗೆ ಈ ಸಂಬಂಧ ವಿಚಿತ್ರವೆನಿಸುತ್ತಿರಲಿಲ್ಲ. ಲಿಯೋಪೋಲ್ಡ್ 1831ರಲ್ಲಿ ಬೆಲ್ಜಿಯಂನ ಮೊದಲ ದೊರೆಯಾದನು. ಇನ್ನೊಬ್ಬ ಸೋದರ ಫರ್ಡಿನಾಂಡ್, ಕೊಹಾರಿ ಎಂಬ ಸಿರಿವಂತ ಕ್ಯಾಥೊಲಿಕ್ ಮನೆತನದ ಉತ್ತರಾಧಿಕಾರಿಣಿಯನ್ನು ಮದುವೆಯಾಗಿದ್ದರಿಂದ ಅವನ ಮಗ ಪೋರ್ಚುಗಲ್‌ಗೂ ಮೊಮ್ಮಗ ಬಲ್ಗೇರಿಯಾಕ್ಕೂ ಹೋದರು.

ಈ ಮದುವೆಗಳನ್ನೆಲ್ಲ ಸಾಧ್ಯವಾಗಿಸಿದ್ದು ಸಮಾನ ಜನ್ಮದ ನಿಯಮ. ಆಳುವ ಮನೆಯ ಗಂಡು ಆಳುವ ಮನೆಯ ಹೆಣ್ಣನ್ನೇ ತರಬೇಕು, ಇಲ್ಲವಾದರೆ ಮಕ್ಕಳಿಗೆ ಹಕ್ಕಿಲ್ಲ. ನಾಡು ತಾಲ್ಲೂಕಿನಷ್ಟಿದ್ದರೂ ಕುಲದಲ್ಲಿ ಕೋಬುರ್ಗ್‌ನವರು ಯಾವ ಚಕ್ರವರ್ತಿಗೂ ಕಡಿಮೆಯಲ್ಲ. ಹಣವಿಲ್ಲದವರ ಬಳಿ ಇದ್ದ ಬಂಡವಾಳ ಅದೊಂದೇ. ಯಾರು ಯಾರಿಗೆ ಸಮಾನರು ಎಂದು ತಿಳಿಯಲು ಯುರೋಪಿನ ಅರಮನೆಗಳು ತೆರೆದುನೋಡುತ್ತಿದ್ದ ವಂಶಾವಳಿ ಪಂಚಾಂಗ ಅಚ್ಚಾಗುತ್ತಿದ್ದದ್ದೂ ಗೋಥಾ ಪಟ್ಟಣದಲ್ಲಿಯೇ, 1763ರಿಂದ.

ಆ ಗೋಥಾ ಕೋಬುರ್ಗ್‌ನವರ ಕೈಸೇರಿದ ಬಗೆಯನ್ನು ಹೇಳದಿದ್ದರೆ ಈ ಕಥೆ ಪೂರ್ತಿಯಾಗದು. ಡ್ಯೂಕ್ ಎರ್ನ್‌ಸ್ಟ್ 1817ರಲ್ಲಿ ಮದುವೆಯಾದ ಲುಯಿಸೆ, ಗೋಥಾ ಶಾಖೆಯ ಕೊನೆಯ ಕುಡಿ. ಆಗ ಅವಳಿಗೆ 16, ಅವನಿಗೆ 33. ಅವನ ಪರಸ್ತ್ರೀ ಸಂಬಂಧಗಳು ಎಲ್ಲರಿಗೂ ತಿಳಿದವೇ ಆಗಿದ್ದರೂ 1824ರಲ್ಲಿ ಮನೆಬಿಟ್ಟು ಹೋಗಬೇಕಾದವಳು ಅವಳು. ಹಿರಿಯ ಮಗನಿಗೆ ಆಗ 6 ವರ್ಷ, ಆಲ್ಬರ್ಟ್‌ಗೆ 5. ಮುಂದಿನ ವರ್ಷ ಗೋಥಾದ ಗಂಡು ಸಂತಾನ ಮುಗಿದುಹೋಗಿ, 1826ರ ಹೊಸ ಹಂಚಿಕೆಯಲ್ಲಿ ಸಾಲ್‌ಫೆಲ್ಡನ್ನು ಬಿಟ್ಟುಕೊಟ್ಟ ಎರ್ನ್‌ಸ್ಟ್‌ಗೆ ಗೋಥಾ ದೊರೆಯಿತು. ಅದೇ ವರ್ಷ ವಿಚ್ಛೇದನವೂ ಆಗಿತ್ತು. ಹೀಗೆ ಹುಟ್ಟಿದ ಸ್ಯಾಕ್ಸ್-ಕೋಬುರ್ಗ್-ಗೋಥಾ ಎಂಬ ಹೆಸರನ್ನು ಮುಂದೆ ಬ್ರಿಟಿಷ್ ರಾಜಮನೆತನ ಹೊತ್ತು, ಜರ್ಮನಿಯೊಡನೆ ಯುದ್ಧ ನಡೆಯುತ್ತಿದ್ದ 1917ರಲ್ಲಿ ಕಳಚಿ ವಿಂಡ್ಸರ್ ಎಂದಾಯಿತು. ಆ ಹೆಸರಿಗೆ ತನ್ನ ತವರನ್ನು ಕೊಟ್ಟ ಲುಯಿಸೆ 1831ರಲ್ಲಿ ಪ್ಯಾರಿಸ್‌ನಲ್ಲಿ, 30ನೆಯ ವಯಸ್ಸಿನಲ್ಲಿ, ಮಕ್ಕಳ ಮುಖವನ್ನು ಮತ್ತೆ ಕಾಣದೆ ತೀರಿಕೊಂಡಳು. ತಂದೆ 1844ರಲ್ಲಿ ಕಾಲವಾದ ನಂತರ ಮಕ್ಕಳಿಬ್ಬರೂ ಅವಳ ಶವಪೆಟ್ಟಿಗೆಯನ್ನು ಕೋಬುರ್ಗ್‌ಗೆ ತರಿಸಿದರು.