ಸೂಜಿ ಎಷ್ಟು ಆಳಕ್ಕೆ ಹೋಯಿತು?

ಕೀಹೋಲ್ ಸರ್ಜರಿ ಅಂದರೆ ಜನ ಕೇಳುವುದು ಗಾಯ ಎಷ್ಟಿರುತ್ತೆ, ಮನೆಗೆ ಯಾವಾಗ ಕಳಿಸ್ತೀರಿ ಅಂತ. ಸರ್ಜನ್‌ಗಳಿಗೆ ಚಿಂತೆ ಮೊದಲ ಚುಚ್ಚಿನದು. ಕ್ಯಾಮೆರಾ ಇನ್ನೂ ಒಳಗೆ ಹೋಗಿರುವುದಿಲ್ಲ, ಆದರೂ ಹೊಟ್ಟೆಯೊಳಗೆ ದಾರಿ ಮಾಡಬೇಕು. ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯ ಕೀಹೋಲ್ ಸರ್ಜರಿಯಲ್ಲಿ, ಆಗುವ ದೊಡ್ಡ ಪೆಟ್ಟುಗಳಲ್ಲಿ ಸುಮಾರು ಅರ್ಧ ಈ ಹಂತದಲ್ಲೇ ಆಗುವಂಥವು.

ಬಹಳಷ್ಟು ಕಡೆ ಈ ಕೆಲಸಕ್ಕೆ ಬಳಸುವುದು ವೆರೆಸ್ ಸೂಜಿ. ಇದರ ಮೂಲಕ ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿಸುತ್ತಾರೆ. ಹಂಗೇರಿಯ ವೈದ್ಯ ಯಾನೋಶ್ ವೆರೆಸ್ 1930ರ ದಶಕದಲ್ಲಿ ಕ್ಷಯ ರೋಗಿಗಳ ಎದೆಗೆ ಗಾಳಿ ತುಂಬಲು ಮಾಡಿದ ಸೂಜಿ ಇದು. ಹೊಟ್ಟೆಗೆ ಬಂದದ್ದು ಆಮೇಲೆ. ಹೊರಗೆ ಚೂಪಾದ ಸೂಜಿ, ಒಳಗೆ ಸ್ಪ್ರಿಂಗ್ ಇರುವ ಮೊಂಡು ಕಡ್ಡಿ. ಗಟ್ಟಿ ಪದರ ದಾಟಿದ ಕೂಡಲೇ ಕಡ್ಡಿ ಟಕ್ಕಂತ ಮುಂದೆ ಬಂದು ಚೂಪನ್ನು ಮರೆಮಾಡುತ್ತದೆ. ಸ್ಪ್ರಿಂಗ್ ಚುರುಕು, ಕೈ ಅಷ್ಟು ಚುರುಕಲ್ಲ. ತಡೆ ತಪ್ಪಿದ ಮೇಲೂ ತಳ್ಳುತ್ತಿದ್ದ ಕೈ ನಿಲ್ಲಲು ಒಂಚೂರು ಹೊತ್ತು ಬೇಕು. ಅಷ್ಟರಲ್ಲಿ ಸೂಜಿ ಜಾಸ್ತಿ ಒಳಗೆ ನುಗ್ಗಿರುತ್ತದೆ. ತೀರಾ ತೆಳ್ಳಗಿರುವವರಲ್ಲಿ ಹೊಕ್ಕುಳಿಗೂ ಬೆನ್ನುಮೂಳೆ ಮುಂದಿನ ದೊಡ್ಡ ರಕ್ತನಾಳಕ್ಕೂ ನಡುವೆ 2 ಸೆಂ.ಮೀ.ನಷ್ಟೇ ಜಾಗ ಇರಬಹುದು.

ಹೊಸ ಸಾಧನಗಳಲ್ಲಿ ಕೆಲವು ತಡೆ ತಪ್ಪಿದ ತಕ್ಷಣ ಕೈಯ ಬಲ ಸೂಜಿಗೆ ತಲುಪದಂತೆ ಮಾಡುತ್ತವೆ. ಇನ್ನು ಕೆಲವು ಹೊಟ್ಟೆಯ ಗೋಡೆಯನ್ನು ಬಟ್ಟಲಿನೊಳಗೆ ಹೀರಿ ಮೇಲಕ್ಕೆತ್ತುತ್ತವೆ. ಎರಡನೆಯದರ ಬಗ್ಗೆ ನನಗೆ ಒಂದು ಅನುಮಾನ: ದಪ್ಪ ಇರುವವರಲ್ಲಿ ಬರೀ ಚರ್ಮ, ಕೊಬ್ಬು ಎದ್ದು ಒಳಪದರ ಅಲ್ಲೇ ಉಳಿದರೆ? ಹಿಂದೆ ಆಪರೇಷನ್ ಆಗಿದ್ದರೆ ಗೋಡೆಗೆ ಅಂಟಿಕೊಂಡ ಕರುಳೂ ಜೊತೆಗೇ ಮೇಲೆ ಬರಬಹುದು, ಅಲ್ವಾ? ನೋಡಲು ಹೊಟ್ಟೆ ಚೆನ್ನಾಗಿ ಎದ್ದಿದೆ ಅನಿಸಿದರೆ ಸಾಲದು, ಒಳಗೆ ಏನಾಯಿತು ಅಂತ ನೋಡಬೇಕು.

ಇಂಥ ಹೊಸ ಸಾಧನ ಸುರಕ್ಷಿತವೇ ಅಂತ ಪರೀಕ್ಷಿಸುವುದರ ನಿಜವಾದ ತಲೆನೋವು ಲೆಕ್ಕದ್ದು. 'ನೂರು ರೋಗಿಗಳಲ್ಲಿ ಬಳಸಿದೆವು, ಒಬ್ಬರಿಗೂ ಪೆಟ್ಟಾಗಲಿಲ್ಲ' ಅಂದರೆ ಕೇಳಲು ಚೆನ್ನಾಗಿದೆ. ಆದರೆ ನೂರರಲ್ಲಿ ಸೊನ್ನೆ ಬಂದರೂ ನಿಜವಾದ ಅಪಾಯ ನೂರಕ್ಕೆ 3ರವರೆಗೆ ಇರಬಹುದು ಅನ್ನುತ್ತದೆ ಸಂಖ್ಯಾಶಾಸ್ತ್ರ. ಹಳೇ ಸೂಜಿಯಲ್ಲೇ ದೊಡ್ಡ ಪೆಟ್ಟು ಆಗುವುದು ಸಾವಿರಕ್ಕೆ ಒಂದರ ಆಸುಪಾಸು. ಅದನ್ನು ಅರ್ಧಕ್ಕೆ ಇಳಿಸಿದ್ದೇವೆ ಅಂತ ಖಾತ್ರಿಯಾಗಿ ತೋರಿಸಲು ಎರಡೂ ಗುಂಪು ಸೇರಿ 90 ಸಾವಿರಕ್ಕಿಂತ ಜಾಸ್ತಿ ರೋಗಿಗಳು ಬೇಕು. ಅಷ್ಟು ಜನರನ್ನು ಯಾರು ಸೇರಿಸುತ್ತಾರೆ?

ಹಾಗಾಗಿ ಪೆಟ್ಟನ್ನು ಎಣಿಸುವ ಬದಲು ಪೆಟ್ಟಿಗೆ ಕಾರಣವಾಗುವುದನ್ನು ಅಳೆಯಬೇಕು. ಮೊದಲು ಕೃತಕ ಪದರಗಳ ಮೇಲೆ, ಆಮೇಲೆ ದಾನವಾಗಿ ಬಂದ ಮೃತದೇಹಗಳಲ್ಲಿ. ತಡೆ ತಪ್ಪಿದ ಮೇಲೆ ತುದಿ ಎಷ್ಟು ಮಿಲಿಮೀಟರ್ ಮುಂದೆ ಹೋಯಿತು? ಅದೇ ಕೈ ಹಳೇ ಸೂಜಿ ಹಿಡಿದಾಗ ಎಷ್ಟು ಹೋಗಿತ್ತು? ಪಳಗಿದವರ ಜೊತೆ ಹೊಸಬರ ಕೈಗೂ ಕೊಟ್ಟು ನೋಡಬೇಕು, ಯಾಕಂದರೆ ಸಾಧನ ಜಾಸ್ತಿ ಬೇಕಾಗಿರುವುದು ಅವರಿಗೆ. ಎಷ್ಟು ಸಲ ಒಳಹೊಗಲಿಲ್ಲ, ಎಷ್ಟು ಸಲ ಗ್ಯಾಸ್ ಕೊಬ್ಬಿನ ಪದರಕ್ಕೇ ತುಂಬಿಕೊಂಡಿತು ಅನ್ನುವುದನ್ನೂ ಬರೆದಿಡಬೇಕು. ತೀರಾ ಹಿಂಜರಿಯುವ ಸೂಜಿ ಹಿಡಿದವರು ಮತ್ತೆ ಮತ್ತೆ ಚುಚ್ಚುತ್ತಾರೆ. ಪ್ರಯತ್ನ ಹೆಚ್ಚಿದಷ್ಟೂ ಪೆಟ್ಟೂ ಹೆಚ್ಚುತ್ತದೆ.

ಇಷ್ಟು ಕಟ್ಟುನಿಟ್ಟು ಸುಮ್ನೆ ಅಲ್ಲ. ಕ್ಯಾಮೆರಾ, ಉಪಕರಣ ಒಳಗೆ ಹೋಗಲು ಹೊಟ್ಟೆಗೆ ಚುಚ್ಚುವ ಕೊಳವೆ ಟ್ರೋಕಾರ್. ಚೂಪಿಗೆ ಕವಚ ಇರುವ ಟ್ರೋಕಾರ್‌ಗಳು ಬಂದಾಗ ಅವು ಸುರಕ್ಷಿತ ಅಂತಲೇ ಮಾರಾಟವಾದವು. ಅದಕ್ಕೆ ರೋಗಿಗಳಲ್ಲಿ ಸಿಕ್ಕ ಪುರಾವೆ ಇಲ್ಲ ಅಂತ 1996ರಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ, ಆ ಮಾತನ್ನು ಲೇಬಲ್‌ನಿಂದ ತೆಗೆಯುವಂತೆ ತಯಾರಕರನ್ನು ಕೇಳಿತು.

ಹೊಸ ಸೂಜಿ ಮಾರುಕಟ್ಟೆಗೆ ಬಂದ ಮೇಲೂ ಪ್ರತಿ ಬಳಕೆ ದಾಖಲಾಗಬೇಕು, ವರ್ಷಗಟ್ಟಲೆ. ಅಲ್ಲಿಯವರೆಗೆ, ಹೊಟ್ಟೆ ಮೇಲೆ ಹಳೇ ಆಪರೇಷನ್ನಿನ ಗಾಯದ ಗುರುತು ಇರುವವರಿಗೆ ನಾನು ಹೊಕ್ಕುಳ ಬಿಟ್ಟು ಎಡ ಪಕ್ಕೆಲುಬಿನ ಕೆಳಗಿನ ಪಾಮರ್ ಬಿಂದುವಿನಿಂದಲೋ, ವೈದ್ಯ ಹ್ಯಾಸನ್ 1971ರಲ್ಲಿ ತೋರಿಸಿದಂತೆ ಪದರ ಪದರವಾಗಿ ಕಣ್ಣಾರೆ ನೋಡಿಕೊಂಡೋ ಒಳಗೆ ಹೋಗುತ್ತೇನೆ.