ಸರ್ಟಿಫಿಕೇಟ್ ಚೈನ್: ಪೋಣಿಸುವುದು ಬೇರೆ, ಒರೆಗೆ ಹಚ್ಚುವುದು ಬೇರೆ

ಈ ತಿಂಗಳಲ್ಲಿ ಇದು ನಾಲ್ಕನೇ ಸಲ. ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಧಾರವಾಡದ ಹುಡುಗನೊಬ್ಬ ಕೇಳಿದ್ದ: "ಸರ್, ಚೈನ್ ಇನ್‌ವ್ಯಾಲಿಡ್ ಅಂತ ಬರಾಕತ್ತದ. ಬ್ರೌಸರ್‌ನಾಗ ಓಪನ್ ಆಗ್ತದ, ಜಾವಾದಾಗ ಆಗವಲ್ದು. ಸರ್ಟಿಫಿಕೇಟ್ ಕೊಟ್ಟವರದ ತಪ್ಪಲ್ರೀ?" ಕೆಳಗೆ ಎರರ್‌ನ ಫೋಟೊ. ಸ್ಕ್ರೀನ್‌ಶಾಟ್ ಅಲ್ಲ, ಮಾನಿಟರ್‌ಗೆ ಮೊಬೈಲ್ ಹಿಡಿದು ತೆಗೆದದ್ದು. ಸರ್ಟಿಫಿಕೇಟ್ ಅಂದರೆ ಈ ವೆಬ್‌ಸೈಟ್ ನಿಜಕ್ಕೂ ಇಂಥವರದೇ ಅಂತ ಒಂದು ಸಂಸ್ಥೆ ಸಹಿ ಹಾಕಿ ಕೊಡುವ ಡಿಜಿಟಲ್ ಗುರುತುಪತ್ರ. ಆ ಸಂಸ್ಥೆಗೆ ಸಹಿ ಹಾಕಿದವರು ಇನ್ನೊಬ್ಬರು. ಹೀಗೆ ಮೇಲಿನ ತನಕ ಹೋಗುವ ಸಾಲೇ ಚೈನ್.

ಆ ಫೋಟೊದಲ್ಲಿ "ಇನ್‌ವ್ಯಾಲಿಡ್" ಅನ್ನುವ ಪದವೇ ಇಲ್ಲ. ಇರುವುದು "ಪಿಕೆಐಎಕ್ಸ್ ಪಾಥ್ ಬಿಲ್ಡಿಂಗ್ ಫೇಲ್ಡ್". ಪಿಕೆಐಎಕ್ಸ್ ಅನ್ನುವುದು ಸರ್ಟಿಫಿಕೇಟ್ ನಿಯಮಗಳ ಹೆಸರು, ಅದನ್ನು ಬಿಡಿ. ಬಿಲ್ಡಿಂಗ್ ಅನ್ನುವುದನ್ನು ನೋಡಿ. ಕಟ್ಟಲಿಕ್ಕೇ ಆಗಲಿಲ್ಲ ಅಂತ ಜಾವಾ ಹೇಳುತ್ತಿದೆ, ಕಟ್ಟಿದ್ದು ಖೋಟಾ ಅಂತಲ್ಲ. "ಪಾಥ್ ವ್ಯಾಲಿಡೇಷನ್ ಫೇಲ್ಡ್" ಅನ್ನುವ ಎರರ್ ಬೇರೆಯೇ ಇದೆ. ಜಾವಾದಲ್ಲಿ ಸರ್ಟ್‌ಪಾಥ್‌ಬಿಲ್ಡರ್ ಒಂದು ಕ್ಲಾಸ್, ಸರ್ಟ್‌ಪಾಥ್‌ವ್ಯಾಲಿಡೇಟರ್ ಇನ್ನೊಂದು. ಬರೆದವರು ಇಷ್ಟು ಬಿಡಿಸಿ ಹೇಳಿದ ಮೇಲೂ ನಾವು ಎರಡನ್ನೂ ಸೇರಿಸಿ "ಚೈನ್ ಇನ್‌ವ್ಯಾಲಿಡ್" ಅಂದುಬಿಡುತ್ತೇವೆ.

ಗೊಂದಲ "ಚೈನ್" ಅನ್ನುವ ಪದದಲ್ಲೇ ಇದೆ ಅಂತ ನನ್ನ ಅನುಮಾನ. ಲ್ಯಾಟಿನ್‌ನ ಕಟೇನಾ ಫ್ರೆಂಚ್‌ಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ಚೈನ್ ಆಯಿತು. ನಾವು ಅದಕ್ಕೆ ಸರಪಳಿ ಅಂತೇವೆ, ಕೆಲವರು ಸರಪಣಿ ಅಂತಾರೆ. ಕೈಕಾಲಿಗೆ ಹಾಕಿದರೆ ಸಂಕೋಲೆ. ಈ ಸಂಕೋಲೆ ಸಂಸ್ಕೃತದ ಶೃಂಖಲೆಯ ತದ್ಭವ. ಮರಾಠಿಯ ಸಾಖಳಿಗೂ ಅದೇ ತಾಯಿ. ಲೋಕಲ್ ಟ್ರೇನಿನಲ್ಲಿ "ಸಾಖಳಿ ಓಢಾ" ಅಂತ ಓದುವಾಗ ನೀವು ಓದುತ್ತಿರುವುದು ನಮ್ಮ ಸಂಕೋಲೆಯ ತಂಗಿಯನ್ನೇ. ಇವೆಲ್ಲ ಕಬ್ಬಿಣದ ಪದಗಳು. ಕೊಂಡಿಗೆ ಕೊಂಡಿ ಕೂಡಿಸಿ ಬೆಸೆದದ್ದು ಕಮ್ಮಾರನ ಕುಲುಮೆಯಲ್ಲಿ. ನಮ್ಮ ಕೈಗೆ ಬರುವಾಗ ಅದು ಇಡಿಯಾಗಿಯೇ ಬರುತ್ತದೆ. ಒಂದು ತುದಿ ಎಳೆದರೆ ಇನ್ನೊಂದು ತುದಿ ಬರಲೇಬೇಕು. ಬರದಿದ್ದರೆ ತುಂಡಾಗಿದೆ, ಅಷ್ಟೇ.

ಈ ಚಿತ್ರ ತಲೆಯಲ್ಲಿ ಕೂತಿರುವುದರಿಂದಲೇ "ಸರ್ವರ್ ಚೈನ್ ಕಳಿಸುತ್ತದೆ, ನಾವು ಅದನ್ನು ನೋಡುತ್ತೇವೆ" ಅಂತ ಜನ ತಿಳಿದಿದ್ದಾರೆ.

ಆದರೆ ಕತ್ತಿಗೆ ಹಾಕುವ ಚೈನಿಗೆ ಕನ್ನಡದಲ್ಲಿ ಬೇರೆ ಪದವಿದೆ ಅಲ್ವಾ? ಪುಣೆಯ ಮರಾಠಿ ಪತ್ರಿಕೆಯಲ್ಲಿ "ಸೋನಸಾಖಳಿ ಚೋರ" ಅಂತ ಬರುವ ಸುದ್ದಿ ನಮ್ಮ ಪತ್ರಿಕೆಯಲ್ಲಿ "ಸರಗಳ್ಳ" ಅಂತ ಬರುತ್ತದೆ. ಸರ ಅಂದರೆ ಪೋಣಿಸಿದ್ದು. ತುಳಶಿಬಾಗ್‌ನಿಂದ ಬಿಡಿ ಮಣಿ ತಂದು ಮನೆಯಲ್ಲಿ ಕೂತು ಪೋಣಿಸಿದವರಿಗೆ ಗೊತ್ತು. ಅಂಗಡಿಯವನು ಕೊಡುವುದು ಮಣಿ, ಸರ ಆಗುವುದು ನಮ್ಮ ಕೈಯಲ್ಲಿ. ಅದೇ ಮಣಿಗಳಿಂದ ಎರಡು ಬೇರೆ ಸರವನ್ನೂ ಮಾಡಬಹುದು. ಒಂದು ಮಣಿ ಕಮ್ಮಿ ಬಿದ್ದರೆ ಮನೆಯ ಡಬ್ಬಿಯಲ್ಲಿ ಹುಡುಕಬೇಕು.

ಸರ್ಟಿಫಿಕೇಟ್ ವಿಷಯದಲ್ಲಿ ನಡೆಯುವುದು ಇದೇ. ಸರ್ವರ್ ಕಳಿಸುವುದು ಬಿಡಿ ಮಣಿ. ಕ್ಲೈಂಟ್, ಅಂದರೆ ನಿಮ್ಮ ಬ್ರೌಸರ್ರೋ ಜಾವಾ ಪ್ರೋಗ್ರಾಮೋ, ಅದನ್ನು ಪೋಣಿಸುತ್ತದೆ. ವೆಬ್‌ಸೈಟಿನ ಸ್ವಂತ ಸರ್ಟಿಫಿಕೇಟಿಗೆ ಲೀಫ್ ಅಂತಾರೆ. ಅದರ ಮೇಲೆ "ಕೊಟ್ಟವರು ಇಂಥವರು" ಅಂತ ಹೆಸರು ಇರುತ್ತದೆ. ಆ ಹೆಸರಿನ ಇನ್ನೊಂದು ಸರ್ಟಿಫಿಕೇಟ್ ಹುಡುಕು, ಅದರ ಮೇಲೆ ಯಾರ ಹೆಸರಿದೆ ನೋಡು, ಮತ್ತೆ ಹುಡುಕು. ತನ್ನ ಟ್ರಸ್ಟ್ ಸ್ಟೋರ್‌ನಲ್ಲಿ (ತಾನು ನಂಬುವವರ ಪಟ್ಟಿಯಲ್ಲಿ) ಮೊದಲೇ ಕೂತಿರುವ ರೂಟ್, ಅಂದರೆ ತುದಿಯ ಸರ್ಟಿಫಿಕೇಟ್, ಸಿಗುವ ತನಕ ಇದೇ ಕೆಲಸ. ಕೀ ಐಡೆಂಟಿಫೈಯರ್ ಅಂತ ಒಂದು ಗುರುತಿರುತ್ತದೆ, ಅದು ಬರೀ ಸುಳಿವು. ಪೋಣಿಸಿದ ಮೇಲೆ ಒರೆಗೆ ಹಚ್ಚುವುದು: ಸಹಿ ಸರಿಯಿದೆಯಾ, ತಾರೀಕು ಮುಗಿದಿಲ್ಲ ತಾನೇ, ಮಧ್ಯದವರಿಗೆ (ಇವರೇ ಇಂಟರ್‌ಮೀಡಿಯೆಟ್) ಬೇರೆಯವರಿಗೆ ಸರ್ಟಿಫಿಕೇಟ್ ಕೊಡುವ ಹಕ್ಕಿದೆಯಾ, ರದ್ದಾಗಿದೆಯಾ. ಈ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ನಾನು ಎಳೆಯುವುದಿಲ್ಲ.

ಸ್ಟ್ಯಾಂಡರ್ಡ್ ಬರೆದವರು ಈ ವಿಷಯದಲ್ಲಿ ನಮಗಿಂತ ಜಾಣರು. ಸರ್ಟಿಫಿಕೇಟಿನ ಸ್ಟ್ಯಾಂಡರ್ಡ್ ಎಕ್ಸ್.509 ಮೊದಲು ಬಂದದ್ದು 1988ರಲ್ಲಿ. ಇವತ್ತು ಎಲ್ಲರೂ ಆಧಾರ ಮಾಡಿಕೊಳ್ಳುವ ಇಂಟರ್ನೆಟ್ ಸ್ಟ್ಯಾಂಡರ್ಡಿನ ದಾಖಲೆ ಆರ್‌ಎಫ್‌ಸಿ 5280 ಬಂದದ್ದು 2008ರ ಮೇ ತಿಂಗಳಲ್ಲಿ. ಅದರಲ್ಲಿ ಅವರು ಬಳಸುವ ಪದ "ಸರ್ಟಿಫಿಕೇಷನ್ ಪಾಥ್", ದಾರಿ. ಒರೆಗೆ ಹಚ್ಚುವ ನಿಯಮಕ್ಕೆ ಆರನೇ ಅಧ್ಯಾಯವನ್ನೇ ಕೊಟ್ಟು, ದಾರಿ ಹುಡುಕುವುದು ಹೇಗೆ ಅನ್ನುವುದನ್ನು ಹೊರಗಿಟ್ಟಿದ್ದಾರೆ. ಅದಕ್ಕೆ ಬೇರೆ ದಾಖಲೆಯೇ ಇದೆ: 2005ರ ಸೆಪ್ಟೆಂಬರ್‌ನ ಆರ್‌ಎಫ್‌ಸಿ 4158. ಹೆಚ್ಚಿನವರು ಅದನ್ನು ತೆರೆದೇ ನೋಡಿಲ್ಲ.

ಧಾರವಾಡದ ಹುಡುಗನಿಗೆ ಮೊದಲು ಒಂದು ಕಮಾಂಡ್ ಓಡಿಸು ಅಂದೆ. ಸರ್ಟಿಫಿಕೇಟ್ ತಪಾಸಣೆಗೆ ಬಳಸುವ ಓಪನ್‌ಎಸ್‌ಎಸ್‌ಎಲ್ ಅನ್ನುವ ಸಾಫ್ಟ್‌ವೇರ್‌ನ ಎಸ್_ಕ್ಲೈಂಟ್. ಅದು ತೋರಿಸಿದ್ದು ಒಂದೇ ಒಂದು ಸಾಲು, ನಂಬರ್ ಸೊನ್ನೆ. ಎಸ್ ಅಂತ ಅವರ ಸರ್ವರ್ ಹೆಸರು, ಐ ಅಂತ ಕೊಟ್ಟವರ ಹೆಸರು. ಕೊನೆಯಲ್ಲಿ ವೆರಿಫೈ ರಿಟರ್ನ್ ಕೋಡ್ 21. ಅಂದರೆ ಸರ್ವರ್ ಕಳಿಸಿದ್ದು ಲೀಫ್ ಮಾತ್ರ, ಇಂಟರ್‌ಮೀಡಿಯೆಟ್ ಕಳಿಸಲೇ ಇಲ್ಲ. ಆದರೆ ಆ ಒಂಟಿ ಸಾಲಿನ ಮೇಲೆ ಓಪನ್‌ಎಸ್‌ಎಸ್‌ಎಲ್ ಕೊಟ್ಟಿರುವ ತಲೆಬರಹ ಏನು ಗೊತ್ತಾ? "ಸರ್ಟಿಫಿಕೇಟ್ ಚೈನ್". ಒಂದೇ ಮಣಿಗೆ ಸರ ಅಂತ ಹೆಸರು! ಹುಡುಗರನ್ನು ಬೈದು ಏನು ಪ್ರಯೋಜನ.

ಹಾಗಾದರೆ ಬ್ರೌಸರ್‌ನಲ್ಲಿ ಹೇಗೆ ಓಪನ್ ಆಯಿತು? ಲೀಫ್‌ನೊಳಗೆ "ನನ್ನನ್ನು ಕೊಟ್ಟವರ ಸರ್ಟಿಫಿಕೇಟ್ ಇಲ್ಲಿ ಸಿಗುತ್ತದೆ" ಅಂತ ಒಂದು ವಿಳಾಸ ಇರುತ್ತದೆ. ಕ್ರೋಮ್ ತಾನೇ ಹೋಗಿ ಅದನ್ನು ತರುತ್ತದೆ. ಫೈರ್‌ಫಾಕ್ಸ್ ಹಾಗೆ ಹೋಗುವುದಿಲ್ಲ, ಇಂಟರ್‌ಮೀಡಿಯೆಟ್‌ಗಳನ್ನು ಮೊದಲೇ ತಂದು ಮನೆಯ ಡಬ್ಬಿಯಲ್ಲಿ ಇಟ್ಟುಕೊಂಡಿರುತ್ತದೆ. ಜಾವಾ, ನೀವು ಸೆಟಿಂಗ್ ಬದಲಿಸದಿದ್ದರೆ, ಕೊಟ್ಟ ಮಣಿ ಬಿಟ್ಟು ಬೇರೆ ಮಣಿಗೆ ಕೈ ಚಾಚುವುದಿಲ್ಲ. ಸರ್ಟಿಫಿಕೇಟ್ ಕೊಟ್ಟವರ ತಪ್ಪು ಇಲ್ಲಿ ಎಳ್ಳಷ್ಟೂ ಇಲ್ಲ. ಅವರ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್‌ನ ಸರ್ಟಿಫಿಕೇಟ್ ಫೈಲ್‌ನಲ್ಲಿ ಲೀಫ್ ಕೆಳಗೆ ಇಂಟರ್‌ಮೀಡಿಯೆಟ್ ಅಂಟಿಸಿ ರೀಲೋಡ್ ಮಾಡಿದರೆ ಮುಗಿಯಿತು. ಹುಡುಗ ಅಷ್ಟರಲ್ಲಾಗಲೇ "ಎಲ್ಲವನ್ನೂ ನಂಬು" ಅನ್ನುವ ಟ್ರಸ್ಟ್ ಮ್ಯಾನೇಜರ್, ಅಂದರೆ ತಪಾಸಣೆಯ ಕೋಡ್, ಬರೆದು ಟೆಸ್ಟಿಂಗ್‌ಗೆ ಕಳಿಸಿದ್ದ. ಪೋಣಿಸಲಿಕ್ಕೆ ಒಂದು ಮಣಿ ಕಮ್ಮಿ ಬಿತ್ತು ಅಂತ ಒರೆಗಲ್ಲನ್ನೇ ಎತ್ತಿ ಬಿಸಾಡಿದ ಹಾಗೆ. ಆ ಕೋಡ್ ತೆಗೆಸಿದೆ.

ಇದೇ ಸಂತತಿಯ ಇನ್ನೊಂದು ಪದ "ಫುಲ್‌ಚೈನ್". ಸರ್ಟಿಫಿಕೇಟ್ ತರಿಸಿಕೊಡುವ ಸರ್ಟ್‌ಬಾಟ್ ಅನ್ನುವ ಪ್ರೋಗ್ರಾಮ್ ಕೊಡುವ ಈ ಫೈಲ್‌ನಲ್ಲಿ ರೂಟ್ ಇರುವುದೇ ಇಲ್ಲ, ಆದರೂ ಹೆಸರು ಫುಲ್. ರೂಟ್ ಇಲ್ಲದಿರುವುದು ತಪ್ಪಲ್ಲ, ಅದು ಇರಬೇಕಾದದ್ದೇ ಹಾಗೆ. ಸರ್ವರ್ ಕಳಿಸಿದ ರೂಟನ್ನು ನಂಬುವುದು ಅಂದರೆ ಬಂದವನೇ ತನ್ನ ಜಾಮೀನುದಾರನನ್ನೂ ಕರಕೊಂಡು ಬಂದ ಹಾಗೆ. ರೂಟ್ ನಿಮ್ಮ ಕಡೆಯೇ, ಮೊದಲಿನಿಂದಲೇ ಇರಬೇಕು. "ಫುಲ್‌ಚೈನ್‌ನಲ್ಲಿ ರೂಟ್ ಇಲ್ಲ, ಸೇರಿಸಲಾ?" ಅಂತ ಇನ್ನು ಯಾರೂ ನನ್ನನ್ನು ಕೇಳಬೇಡಿ.

"ದಾರಿ" ಅನ್ನುವ ಪದದ ಬೆಲೆ ಗೊತ್ತಾದದ್ದು 2021ರ ಸೆಪ್ಟೆಂಬರ್ 30ರಂದು. ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರ ಸ್ವಂತ ರೂಟ್ ಹೆಸರು ಐಎಸ್‌ಆರ್‌ಜಿ ರೂಟ್ ಎಕ್ಸ್1. ಅದೇ ಹೆಸರು, ಅದೇ ಕೀ ಇರುವ ಎರಡು ಸರ್ಟಿಫಿಕೇಟ್ ಚಾಲ್ತಿಯಲ್ಲಿದ್ದವು. ಒಂದಕ್ಕೆ ತಾನೇ ಹಾಕಿಕೊಂಡ ಸಹಿ, ಇನ್ನೊಂದಕ್ಕೆ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಅನ್ನುವ ಹಳೆಯ ರೂಟ್‌ನ ಸಹಿ. ಅಲ್ಲಿಗೆ ಎರಡು ದಾರಿ. ಆ ದಿನ ಹಳೆಯ ರೂಟ್‌ನ ಅವಧಿ ಮುಗಿಯಿತು. ಹೊಸ ದಾರಿ ಹಸನಾಗಿ ತೆರೆದೇ ಇತ್ತು. ಆದರೂ ಓಪನ್‌ಎಸ್‌ಎಸ್‌ಎಲ್ 1.0.2 ಇದ್ದ ಎಷ್ಟೋ ಹಳೆಯ ಮಷಿನ್‌ಗಳು "ಎಕ್ಸ್‌ಪೈರ್ಡ್" ಅಂತ ಕೂತವು. ಆ ಆವೃತ್ತಿ ಸರ್ವರ್ ಕೊಟ್ಟ ಮಣಿಗಳ ಹಿಂದೆಯೇ ಹೋಗುತ್ತಿತ್ತು. ಪುಣೆ-ಸಾತಾರಾ ರಸ್ತೆಯ ಖಂಬಾಟಕಿ ಘಾಟ್‌ನಲ್ಲಿ ಲಾರಿ ಪಲ್ಟಿಯಾದರೆ ಊರಿಗೆ ಹೊರಟವರು ಬೇರೆ ದಾರಿ ಹಿಡಿಯುತ್ತಾರೆ. ಇದು ಘಾಟ್‌ನಲ್ಲೇ ನಿಂತು ಊರೇ ಇಲ್ಲ ಅಂತು. ಟ್ರಸ್ಟ್ ಸ್ಟೋರ್‌ನಿಂದ ಹಳೆಯ ರೂಟನ್ನು ಅಳಿಸಿದ ಕೂಡಲೇ ಎಲ್ಲ ಸರಿಹೋಯಿತು! "ಚೈನ್ ತುಂಡಾಗಿದೆ" ಅಂತ ಯೋಚಿಸುವವನಿಗೆ ಒಂದು ಕೊಂಡಿ ಕಿತ್ತರೆ ರಿಪೇರಿ ಆಗುತ್ತದೆ ಅಂತ ಹೊಳೆಯುವುದಾದರೂ ಹೇಗೆ? ಓಪನ್‌ಎಸ್‌ಎಸ್‌ಎಲ್ 1.1.0 ಆದರೆ ತನ್ನ ಸ್ಟೋರನ್ನೇ ಮೊದಲು ನೋಡುತ್ತದೆ, ಹಾಗಾಗಿ ಬಚಾವಾಯಿತು. ದಾರಿ ಒಂದೇ ಅಲ್ಲ ಅನ್ನುವುದು ಗೋ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ ಗೊತ್ತು: ಅಲ್ಲಿ ವೆರಿಫೈ ಫಂಕ್ಷನ್ ವಾಪಸ್ ಕೊಡುವುದೇ ಚೈನ್‌ಗಳ ಪಟ್ಟಿಯನ್ನು, ಬಹುವಚನದಲ್ಲಿ.

ಪೋಣಿಸುವ ಕೆಲಸ, ಒರೆಗೆ ಹಚ್ಚುವ ಕೆಲಸ ಎರಡೂ ಕಲೆಸಿಹೋದರೆ ಏನಾಗುತ್ತದೆ ಅನ್ನುವುದಕ್ಕೆ 2015ರ ಜುಲೈ ಸಾಕ್ಷಿ. ಮೊದಲ ದಾರಿ ಸಿಗದಿದ್ದರೆ ಇನ್ನೊಂದನ್ನು ಹುಡುಕಲಿ ಅಂತ ಓಪನ್‌ಎಸ್‌ಎಸ್‌ಎಲ್‌ಗೆ ಹೊಸದಾಗಿ ಕೋಡ್ ಸೇರಿಸಿದ್ದರು. ಒಳ್ಳೆಯ ಉದ್ದೇಶವೇ. ಆದರೆ ಆ ಎರಡನೇ ಹುಡುಕಾಟದಲ್ಲಿ ಒಂದು ತಪ್ಪು ನುಸುಳಿ, ಕೆಲವು ಸರ್ಟಿಫಿಕೇಟ್‌ಗಳಿಗೆ "ಬೇರೆಯವರಿಗೆ ಕೊಡುವ ಹಕ್ಕಿದೆಯಾ" ಅನ್ನುವ ತಪಾಸಣೆಯೇ ತಪ್ಪಿಹೋಗುವಂತಾಯಿತು. ಭದ್ರತಾ ದೋಷಗಳ ಪಟ್ಟಿಯಲ್ಲಿ ಅದರ ಹೆಸರು ಸಿವಿಇ-2015-1793. 1.0.2ಡಿ ಮತ್ತು 1.0.1ಪಿ ಆವೃತ್ತಿಗಳಲ್ಲಿ ಸರಿ ಮಾಡಿದರು. ಈ ಹಕ್ಕಿನ ತಪಾಸಣೆ ಮರೆತು 2002ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಸಿಕ್ಕಿಬಿದ್ದಿತ್ತು. 2011ರಲ್ಲಿ ಐಫೋನ್‌ದೂ ಅದೇ ಕತೆ. ಒಂದು ಸಾಧಾರಣ ವೆಬ್‌ಸೈಟಿನ ಸರ್ಟಿಫಿಕೇಟ್ ಇದ್ದವನು ಬ್ಯಾಂಕಿನ ಹೆಸರಿಗೆ ತಾನೇ ಒಂದು ಬರೆದುಕೊಟ್ಟರೂ ಅವು ಒಪ್ಪುತ್ತಿದ್ದವು. ಸರ ಚೆನ್ನಾಗಿಯೇ ಪೋಣಿಸಿತ್ತು, ಸಹಿಗಳೂ ಅಸಲಿ. ಒರೆಯಲ್ಲಿ ಒಂದು ಗೆರೆ ಕಮ್ಮಿ.

ಸಾಫ್ಟ್‌ವೇರ್‌ನವರಿಗೆ ಮಾತ್ರ ಈ ಗೋಳು ಅಂತ ಅಂದುಕೊಳ್ಳಬೇಡಿ. ಕಳೆದ ವಾರ ಡೊಂಬಿವಲಿಯಿಂದ ನಮ್ಮ ಮಾವ ಫೋನ್ ಮಾಡಿದ್ದರು. "ಆಧಾರ್ ಪಿಡಿಎಫ್‌ನಲ್ಲಿ ಹಳದಿ ಪ್ರಶ್ನೆ ಚಿಹ್ನೆ ಬರ್ತಿದೆಯಪ್ಪ, ವ್ಯಾಲಿಡಿಟಿ ಅನ್‌ನೋನ್ ಅಂತೆ. ನನ್ನ ಆಧಾರ್ ಡೂಪ್ಲಿಕೇಟಾ?" ಅಲ್ಲ ಮಾವ. ನಮ್ಮ ದೇಶದ ಡಿಜಿಟಲ್ ಸಹಿಗಳ ರೂಟ್ ನಡೆಸುವುದು 2000ದ ಐಟಿ ಕಾಯ್ದೆಯ ಪ್ರಕಾರ ಬಂದ ಕಂಟ್ರೋಲರ್ ಆಫ್ ಸರ್ಟಿಫೈಯಿಂಗ್ ಅಥಾರಿಟೀಸ್. ನಿಮ್ಮ ಕಂಪ್ಯೂಟರಿನ ಅಡೋಬಿ ರೀಡರ್‌ನ ಸ್ಟೋರ್‌ನಲ್ಲಿ ಆ ರೂಟ್ ಇಲ್ಲ. ಸರ ಕೊನೆ ಮುಟ್ಟಲಿಲ್ಲ, ಅದಕ್ಕೇ "ಗೊತ್ತಿಲ್ಲ" ಅಂತಿದೆ. "ಸುಳ್ಳು" ಅಂದಿಲ್ಲ ನೋಡಿ.

ಸಿಗ್ನೇಚರ್ ಮೇಲೆ ರೈಟ್ ಕ್ಲಿಕ್ ಮಾಡಿ, ಅದರ ಸರ್ಟಿಫಿಕೇಟ್ ತೆರೆದು, ಎಡಗಡೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಆರಿಸಿ, ಆಮೇಲೆ ಟ್ರಸ್ಟ್ ಒತ್ತಿ ಅಂತ ಹೇಳಿದ್ದೆ. ಮಾವ ಮೇಲಿನದನ್ನು ಆರಿಸಲೇ ಇಲ್ಲ. ಮೊದಲೇ ಆಯ್ಕೆಯಾಗಿದ್ದ ಕೆಳಗಿನ ಲೀಫನ್ನೇ ಟ್ರಸ್ಟ್ ಮಾಡಿದರು. ಈಗ ಅವರ ಕಂಪ್ಯೂಟರಿನಲ್ಲಿ ಪೋಣಿಸುವ ಕೆಲಸವೇ ಇಲ್ಲ, ಒಂದೇ ಮಣಿ. ಆ ಸಹಿಯ ಸರ್ಟಿಫಿಕೇಟ್ ಬದಲಾದ ದಿನ ಪ್ರಶ್ನೆ ಚಿಹ್ನೆ ಮತ್ತೆ ಬರುತ್ತದೆ, ಫೋನೂ ಬರುತ್ತದೆ. ಸದ್ಯಕ್ಕೆ ಹಸಿರು ಟಿಕ್ ಬಂತು ಅಂತ ಖುಷಿಯಾಗಿ, ಸ್ಟೇಶನ್ ಹತ್ತಿರದ ಅಂಗಡಿಯಲ್ಲಿ ಅದನ್ನು ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿದ್ದಾರೆ. ಕಾಗದದ ಮೇಲಿನ ಆ ಟಿಕ್ ಬರೀ ಹಸಿರು ಶಾಯಿ ಅಂತ ನಾನಿನ್ನೂ ಹೇಳಿಲ್ಲ.